ಬೆಂಗಳೂರಿನ ಸ್ಟಾರ್ ಹೋಟೆಲಿನಲ್ಲಿ ಎರಡು ರಾತ್ರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ರಜೆಗೆಂದು ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಉಳಿಯುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಏಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಅಪ್ಪ ಅಮ್ಮನ ಮದುವೆಯಾಗಿ ಈ ವರ್ಷಕ್ಕೆ 30 ವರ್ಷ. ಅವರನ್ನು ಎರಡು ರಾತ್ರಿ ಬೆಂಗಳೂರಿನ ಒಳ್ಳೆಯ ಹೋಟೆಲಿನಲ್ಲಿ ಉಳಿಸಬೇಕೆಂದಿದ್ದೇನೆ. ಎಲ್ಲ ಸೇರಿ 30,000 ರೂಪಾಯಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್, ಒಂದೆರಡು ಸೀರೆ ಅಂಗಡಿ ನೋಡಬೇಕಂತೆ. ಆ್ಯಪ್‌ನಲ್ಲಿ ನೋಡಿದರೆ ಎಲ್ಲ ಹೋಟೆಲೂ ಒಂದೇ ಥರ ಕಾಣುತ್ತವೆ. ಯಾವುದನ್ನು ಆರಿಸಲಿ?
– ದಾವಣಗೆರೆಯ ಓದುಗರು

ಉತ್ತರ: ಮೊದಲು ಲೆಕ್ಕ ಮಾಡೋಣ. ಊಟ, ಓಡಾಟಕ್ಕೆ 4,000 ಎತ್ತಿಟ್ಟರೆ ರೂಮಿಗೆ ಉಳಿಯುವುದು 26,000, ಅಂದರೆ ರಾತ್ರಿಗೆ 13,000. ಅದರೊಳಗೆ ಶೇ 18ರ ಜಿಎಸ್‌ಟಿ ಇದೆ. ತೆರಿಗೆ ಬಿಟ್ಟು ನೀವು ಹುಡುಕಬೇಕಾದ ದರ ಸುಮಾರು 11,000. ಆ್ಯಪ್‌ನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ತೆರಿಗೆಗೆ ಮುಂಚಿನ ಬೆಲೆ. ಹಾಗಾಗಿ 12,500 ಎಂದು ಕಂಡ ರೂಮು ನಿಮ್ಮ ಬಜೆಟ್ ಮೀರಿದ್ದು ಎಂದೇ ತಿಳಿಯಿರಿ.

ಆಮೇಲೆ ಜಾಗ. ಬೆಂಗಳೂರಿನಲ್ಲಿ ಕಿಲೋಮೀಟರ್ ಲೆಕ್ಕ ಕೆಲಸಕ್ಕೆ ಬರುವುದಿಲ್ಲ, ಮೆಟ್ರೊ ನಿಲ್ದಾಣ ಎಷ್ಟು ಹೆಜ್ಜೆ ದೂರ ಎನ್ನುವುದೇ ಲೆಕ್ಕ. ಅಪ್ಪ ಅಮ್ಮ ನೋಡಬೇಕೆಂದಿರುವ ಜಾಗಗಳಲ್ಲಿ ಲಾಲ್‌ಬಾಗ್ ಮತ್ತು ಸೀರೆಯ ಚಿಕ್ಕಪೇಟೆ ಎರಡೂ ಹಸಿರು ಮಾರ್ಗದಲ್ಲಿವೆ, ಕಬ್ಬನ್ ಪಾರ್ಕ್ ನೇರಳೆ ಮಾರ್ಗದಲ್ಲಿದೆ. ಎರಡೂ ಮಾರ್ಗ ಕೂಡುವುದು ಮೆಜೆಸ್ಟಿಕ್‌ನಲ್ಲಿ. ದಾವಣಗೆರೆಯಿಂದ ಬರುವವರು ಯಶವಂತಪುರದಲ್ಲೇ ಇಳಿಯಬಹುದಾದ್ದರಿಂದ ಮಲ್ಲೇಶ್ವರ–ರಾಜಾಜಿನಗರದ ಕಡೆಯ ಹೋಟೆಲ್ ಅನುಕೂಲ. ಬ್ರಿಗೇಡ್ ಗೇಟ್‌ವೇಯ ಶೆರಾಟನ್ ಗ್ರ್ಯಾಂಡ್‌ಗೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ ಹತ್ತಿರ. ಅಲ್ಲಿಂದ ಚಿಕ್ಕಪೇಟೆ, ಲಾಲ್‌ಬಾಗ್ ಎರಡಕ್ಕೂ ಮಾರ್ಗ ಬದಲಿಸದೆ ಹೋಗಬಹುದು. ಬೆಣ್ಣೆ ದೋಸೆಯ ವಿಷಯದಲ್ಲಿ ದಾವಣಗೆರೆಯವರಿಗೆ ಹೇಳಿಕೊಡುವಷ್ಟು ನಾವು ದೊಡ್ಡವರಲ್ಲ. ಆದರೂ ಮಲ್ಲೇಶ್ವರದ ಸಿಟಿಆರ್ ದೋಸೆ, ವೀಣಾ ಸ್ಟೋರ್ಸ್ ಇಡ್ಲಿ ಅಲ್ಲಿಂದ ಆಟೊ ದೂರದಲ್ಲೇ ಸಿಗುತ್ತವೆ.

ಮರ, ಹಳೆಯ ಬೆಂಗಳೂರು, ಸಂಜೆಯ ನಡಿಗೆ ಮುಖ್ಯವೆನ್ನುವುದಾದರೆ ರೇಸ್ ಕೋರ್ಸ್ ರಸ್ತೆಯ ತಾಜ್ ವೆಸ್ಟ್ ಎಂಡ್ ಇದೆ. 1887ರಲ್ಲಿ ಶುರುವಾದದ್ದು, 20 ಎಕರೆ ತೋಟ. ಎಂ.ಜಿ. ರಸ್ತೆಯ ಒಬೆರಾಯ್‌ಗೆ ಟ್ರಿನಿಟಿ ನಿಲ್ದಾಣ ಹತ್ತಿರ. ವಿಠ್ಠಲ ಮಲ್ಯ ರಸ್ತೆಯ ಜೆಡಬ್ಲ್ಯು ಮ್ಯಾರಿಯಟ್‌ಗೆ ಕಬ್ಬನ್ ಪಾರ್ಕ್ ಮಗ್ಗುಲಲ್ಲೇ ಇದೆ. ಕೆನ್ಸಿಂಗ್ಟನ್ ರಸ್ತೆಯ ಕಾನ್ರಾಡ್‌ನ ಕೆಲವು ರೂಮುಗಳಿಂದ ಹಲಸೂರು ಕೆರೆ ಕಾಣುತ್ತದೆ. ಈ ಹೋಟೆಲುಗಳ ದರ ದಿನದಿನಕ್ಕೂ ಏರಿಳಿಯುತ್ತದೆ, ಆದ್ದರಿಂದ ನಿಮ್ಮ 11,000ಕ್ಕೆ ಯಾವುದು ಸಿಗುತ್ತದೆ ಎಂಬುದು ನೀವು ಹಿಡಿಯುವ ದಿನದ ಮೇಲಿದೆ. ಇಲ್ಲಿನ ದೊಡ್ಡ ಹೋಟೆಲುಗಳು ಸೋಮವಾರದಿಂದ ಗುರುವಾರದವರೆಗೆ ಕಂಪನಿ ಅತಿಥಿಗಳಿಂದ ತುಂಬುತ್ತವೆ. ವಾರಾಂತ್ಯಕ್ಕೆ ದರ ಇಳಿಯುವುದು ವಾಡಿಕೆ, ಭಾನುವಾರ ರಾತ್ರಿಯಂತೂ ಬಹಳ ಸಲ ವಾರದ ಅತಿ ಕಡಿಮೆ ದರ. ಶನಿವಾರ–ಭಾನುವಾರದ ಎರಡು ರಾತ್ರಿ ಹಿಡಿಯಿರಿ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ನಡೆಯಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಬೆಸ ವರ್ಷಗಳ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ, ನವೆಂಬರ್ ಹೊತ್ತಿಗೆ ಟೆಕ್ ಸಮ್ಮಿಟ್ ನಡೆಯುತ್ತವೆ. ಆ ವಾರಗಳಲ್ಲಿ ಬರಬೇಡಿ.

ಇನ್ನು ರೂಮು. ಹೋಟೆಲ್ ಆರಿಸಲು ನಾಲ್ಕು ದಿನ ತಲೆ ಕೆಡಿಸಿಕೊಳ್ಳುವವರು ರೂಮನ್ನು ಅದೃಷ್ಟಕ್ಕೆ ಬಿಟ್ಟುಬಿಡುತ್ತಾರೆ, ಎಡವಟ್ಟಾಗುವುದು ಇಲ್ಲೇ. ಒಂದೇ ಹೋಟೆಲಿನಲ್ಲಿ, ಒಂದೇ ದರಕ್ಕೆ, ತೋಟ ಕಾಣುವ ರೂಮೂ ಇರುತ್ತದೆ, ಲಿಫ್ಟಿನ ಗೋಡೆಗೆ ಅಂಟಿಕೊಂಡ ರೂಮೂ ಇರುತ್ತದೆ. ಬುಕ್ ಮಾಡಿದ ಮೇಲೆ ಹೋಟೆಲಿಗೇ ನೇರ ಫೋನ್ ಮಾಡಿ ರಿಸರ್ವೇಷನ್ ವಿಭಾಗ ಕೇಳಿ. ಬೆಳಗ್ಗೆ 10ರಿಂದ 12 ಚೆಕ್-ಔಟ್ ಗಡಿಬಿಡಿ, ಸಂಜೆ 4ರ ಮೇಲೆ ಸಮಾಧಾನವಾಗಿ ಮಾತಾಡುತ್ತಾರೆ. ರಸ್ತೆಯ ಕಡೆ ಬೇಡ, ಸರ್ವಿಸ್ ಲಿಫ್ಟ್ ಹತ್ತಿರ ಬೇಡ, ಕನೆಕ್ಟಿಂಗ್ ಬಾಗಿಲಿರುವ ರೂಮು ಬೇಡ ಎಂದು ಹೇಳಿ. ಕನೆಕ್ಟಿಂಗ್ ಬಾಗಿಲೆಂದರೆ ಎರಡು ರೂಮುಗಳ ನಡುವಿನ ಗೋಡೆಯಲ್ಲಿ ಬೀಗ ಹಾಕಿಟ್ಟ ಬಾಗಿಲು. ಗೋಡೆ ತಡೆಯುವಷ್ಟು ಸದ್ದನ್ನು ಅದು ತಡೆಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿ ಮಲಗಿದರೆ ಕೆಳಗಿನ ಸಂದಿಯಿಂದ ಪಕ್ಕದವರ ಟಿವಿ, ಕೆಮ್ಮು, ಫೋನಿನ ಮಾತು ಎಲ್ಲವೂ ಕೇಳುತ್ತದೆ.

ಆ ರಾತ್ರಿ ಹೋಟೆಲಿನಲ್ಲಿ ಮದುವೆ, ಆರತಕ್ಷತೆ ಇದೆಯೇ ಎಂದೂ ಕೇಳಿ. ರಾತ್ರಿ 10ರ ಮೇಲೆ ಹುಲ್ಲುಹಾಸಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಆದರೆ ಮುಚ್ಚಿದ ಬ್ಯಾಂಕ್ವೆಟ್ ಹಾಲ್‌ಗೆ ನಿಯಮದಲ್ಲೇ ವಿನಾಯಿತಿ ಇದೆ, ಹಾಗಾಗಿ ಹಾಲ್‌ನ ಮೇಲಿನ ಮಹಡಿ ಬೇಡ ಎನ್ನಿ. ಆಷಾಢದಲ್ಲಿ ಬಂದರೆ ಈ ತಲೆನೋವು ಕಡಿಮೆ. ಫೋನಿನಲ್ಲಿ ಒಪ್ಪಿದ್ದನ್ನೆಲ್ಲ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಮದುವೆಯ ವಾರ್ಷಿಕೋತ್ಸವ ಎಂಬುದನ್ನೂ ಅದರಲ್ಲೇ ಬರೆಯಿರಿ. ಕೇಕ್ ಬರಬಹುದು, ಖಾಲಿ ಇದ್ದರೆ ಒಂದು ದರ್ಜೆ ಮೇಲಿನ ರೂಮೂ ಸಿಗಬಹುದು.

ಪ್ರಶ್ನೆ: ಒಂದೇ ಹೋಟೆಲಿನ ಎರಡು ರೂಮು ನೋಡಿದೆ. ಒಂದು 7,400, ಇನ್ನೊಂದು 7,600. ಕೊನೆಯಲ್ಲಿ ಕೊಡಬೇಕಾದ ಮೊತ್ತದಲ್ಲಿ ಸುಮಾರು 1,200 ವ್ಯತ್ಯಾಸ. ಲೆಕ್ಕ ತಪ್ಪಿದೆಯೇ?
– ಹಾಸನದ ಓದುಗರು

ಉತ್ತರ: ಲೆಕ್ಕ ಸರಿಯಾಗಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದಕ್ಕೂ ಮುಂಚೆ ಶೇ 12 ಇತ್ತು. 7,500 ದಾಟಿದರೆ ಶೇ 18, ಅದೂ ಪೂರ್ತಿ ಮೊತ್ತಕ್ಕೆ. 7,400ಕ್ಕೆ ತೆರಿಗೆ 370 ಸೇರಿ 7,770. 7,600ಕ್ಕೆ 1,368 ಸೇರಿ 8,968. ಇನ್ನೂರು ರೂಪಾಯಿಯ ಅಂತರ 1,198 ಆಗುವುದು ಹೀಗೆ.

ತಿಂಡಿ ಸೇರಿಸಿದ ಪ್ಯಾಕೇಜ್‌ನಲ್ಲೂ ಇದೇ ಗೆರೆ ನೋಡಿಕೊಳ್ಳಿ. ಬರೀ ರೂಮು 7,200, ಇಬ್ಬರ ತಿಂಡಿ ಸೇರಿ 7,900 ಎಂದಿಟ್ಟುಕೊಳ್ಳಿ. ತಿಂಡಿ ರೂಮಿನ ದರದೊಳಗೆ ಸೇರಿದ ಕೂಡಲೇ ಮೊತ್ತ ಗೆರೆ ದಾಟಿತು, ಶೇ 18 ಸೇರಿ 9,322. ಬರೀ ರೂಮಾದರೆ 7,560. ಅಂದರೆ 700 ರೂಪಾಯಿಯ ತಿಂಡಿ ನಿಮಗೆ ಬೀಳುವುದು 1,762ಕ್ಕೆ. ಅದೇ ತಿಂಡಿ ಅಲ್ಲೇ ಕೊಂಡು ತಿಂದರೆ ತೆರಿಗೆ ಸೇರಿ ಎಷ್ಟಾಗುತ್ತದೆ ಎಂದು ಕೇಳಿ, ಕಡಿಮೆಯಾದರೆ ಬರೀ ರೂಮು ತಗೊಳ್ಳಿ. ತೆರಿಗೆ ಬೀಳುವುದು ನೀವು ನಿಜವಾಗಿ ಕೊಡುವ ದರದ ಮೇಲೆ, ಹೋಟೆಲಿನ ಪಟ್ಟಿಯಲ್ಲಿರುವ ದರದ ಮೇಲಲ್ಲ. ರಿಯಾಯಿತಿ ಕೇಳುವುದಿದ್ದರೆ 7,600ರ ರೂಮಿಗೆ ನೂರು ರೂಪಾಯಿ ಇಳಿಸಿ ಎನ್ನಿ, ನಿಮಗೆ ಉಳಿಯುವುದು ಸಾವಿರಕ್ಕೂ ಹೆಚ್ಚು.

ಪ್ರಶ್ನೆ: ಅಮ್ಮನಿಗೆ 72. ಮಂಡಿನೋವು, ನಿಧಾನವಾಗಿ ನಡೆಯುತ್ತಾರೆ. ದೊಡ್ಡ ಹೋಟೆಲ್ ಎಂದರೆ ಎಲ್ಲ ಸೌಕರ್ಯವೂ ಇರುತ್ತದಲ್ಲ, ಬೇರೆ ಏನಾದರೂ ಕೇಳಬೇಕೆ?
– ಮೈಸೂರಿನ ಓದುಗರು

ಉತ್ತರ: ಖಂಡಿತ ಕೇಳಬೇಕು. ಬಚ್ಚಲಮನೆಯಿಂದ ಶುರು ಮಾಡಿ. ಫೋಟೊದಲ್ಲಿ ಚೆಂದ ಕಾಣುವ ಬಾತ್‌ಟಬ್‌ನೊಳಗೇ ಶವರ್ ಇದ್ದರೆ ಅಮ್ಮ ಮೊಣಕಾಲೆತ್ತರದ ಅಂಚನ್ನು ದಾಟಿ ಒದ್ದೆ ಕಾಲಿಡಬೇಕು. ಮಂಡಿ ಬಗ್ಗದವರು ಒಂದು ಕಾಲು ಒಳಗೆ, ಒಂದು ಹೊರಗೆ ಇಟ್ಟುಕೊಂಡು ಹಿಡಿಯಲು ಏನಿದೆ ಎಂದು ತಡಕಾಡುತ್ತಾರೆ. ಕೈಗೆ ಸಿಗುವುದು ಟವೆಲ್ ರಾಡ್, ಅದು ಮನುಷ್ಯರ ಭಾರ ಹೊರಲು ಹಾಕಿದ್ದಲ್ಲ. ‘ಟಬ್ ಇಲ್ಲದ, ನಡೆದೇ ಒಳಗೆ ಹೋಗುವ ಶವರ್ ಇರುವ ರೂಮು ಬೇಕು, ಗೋಡೆಗೆ ಹಿಡಿಕಂಬಿ ಇರಬೇಕು’ ಎಂದು ಬಿಡಿಸಿ ಹೇಳಿ. ಬಕೆಟ್, ಮಗ್, ಕೂರಲು ಸ್ಟೂಲ್, ಜಾರದ ರಬ್ಬರ್ ಮ್ಯಾಟ್ ಇವೆಲ್ಲ ಕೇಳಿದರೆ ತಂದಿಡುತ್ತಾರೆ, ತಾವಾಗಿ ಇಟ್ಟಿರುವುದಿಲ್ಲ. ಕಮೋಡ್ ಪಕ್ಕ ನೀರಿನ ಕೈಪೈಪ್ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಮಂಚದ ಎತ್ತರವನ್ನೂ ಕೇಳಿ. ದಪ್ಪ ಹಾಸಿಗೆಯ ಮೇಲೆ ಇನ್ನೊಂದು ಮೆತ್ತೆ ಹಾಕುವುದರಿಂದ ಎರಡಡಿ ಮೀರುವುದುಂಟು. ಕುಳ್ಳಗಿರುವವರು ಅಂಚಿನಲ್ಲಿ ಕೂತರೆ ಪಾದ ನೆಲಕ್ಕೆ ತಾಗುವುದಿಲ್ಲ, ರಾತ್ರಿ ಎದ್ದಾಗ ಜಾರುತ್ತಾರೆ. ಮೇಲಿನ ಮೆತ್ತೆ ತೆಗೆಸಿದರೆ ಅಷ್ಟು ತಗ್ಗುತ್ತದೆ. ವೀಲ್‌ಚೇರ್ ಬೇಕಾದರೆ ಬಚ್ಚಲಮನೆಯ ಬಾಗಿಲಿನ ಅಗಲ ಕನಿಷ್ಠ 32 ಇಂಚು ಇರಲಿ. ರೂಮಿನ ಬಾಗಿಲು ಅಗಲವಿದ್ದು ಒಳಗಿನದು ಇಕ್ಕಟ್ಟಾಗಿರುವುದೇ ಸಾಮಾನ್ಯ ತೊಂದರೆ. ತೋಟದಲ್ಲಿ ಹರಡಿಕೊಂಡ ಹೋಟೆಲಾದರೆ ಲಾಬಿಯಿಂದ ರೂಮಿಗೆ ಬಗ್ಗಿ ಗಾಡಿ ಇದೆಯೇ, ರೂಮು ನೆಲಮಹಡಿಯಲ್ಲಿದೆಯೇ, ಆ ಕಟ್ಟಡಕ್ಕೆ ಲಿಫ್ಟ್ ಇದೆಯೇ ಎಂದು ಮೂರನ್ನೂ ಕೇಳಿ.

ಪ್ರಶ್ನೆ: ನಾವು ಬೆಂಗಳೂರಿನವರೇ. 6 ಮತ್ತು 13 ವರ್ಷದ ಮಕ್ಕಳ ಜೊತೆ ಡಿಸೆಂಬರ್ ರಜೆಯಲ್ಲಿ ಒಂದು ರಾತ್ರಿ ಈಜುಕೊಳ ಇರುವ ಹೋಟೆಲಿನಲ್ಲಿರಬೇಕು. ಊರಿನವರಿಗೇ ರೂಮು ಕೊಡುತ್ತಾರೆಯೇ?
– ವಿಜಯನಗರದ ಓದುಗರು

ಉತ್ತರ: ದೊಡ್ಡ ಹೋಟೆಲುಗಳು ಕೊಡುತ್ತವೆ. ಸ್ಥಳೀಯ ವಿಳಾಸದವರನ್ನು ನಿರಾಕರಿಸುವುದು ಕೆಲವು ಸಣ್ಣ ಹೋಟೆಲುಗಳ ಸ್ವಂತ ನಿಯಮ. ಬುಕಿಂಗ್ ಪುಟದ ಷರತ್ತುಗಳಲ್ಲಿ ಆ ಸಾಲು ಇದೆಯೇ ನೋಡಿಕೊಳ್ಳಿ. ದೊಡ್ಡವರಿಬ್ಬರಿಗೂ ಗುರುತಿನ ಚೀಟಿ ಬೇಕು. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲದ ಕಾರಣ ಅದು ನಡೆಯುವುದಿಲ್ಲ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೊಡಿ.

13 ತುಂಬಿದ ಮಗುವನ್ನು ಹೆಚ್ಚಿನ ಕಡೆ ದೊಡ್ಡವರ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ರೂಮಿಗೆ ಮೂರೇ ಜನ ಎಂಬ ಮಿತಿಯೂ ಇರುತ್ತದೆ, ಅದು ತಿಳಿಯದೆ ಹೋದರೆ ಕೌಂಟರಿನಲ್ಲಿ ಎರಡನೇ ರೂಮಿಗೆ ಆ ದಿನದ ದರ ತೆರಬೇಕಾದೀತು. ಬುಕ್ ಮಾಡುವಾಗಲೇ ಇಬ್ಬರು ಮಕ್ಕಳ ವಯಸ್ಸನ್ನೂ ತುಂಬಿ. ದಾವಣಗೆರೆಯ ಓದುಗರಿಗೆ ಬೇಡವೆಂದ ಕನೆಕ್ಟಿಂಗ್ ರೂಮು ನಿಮಗೆ ಬಲು ಒಳ್ಳೆಯದು. ಎಕ್ಸ್‌ಟ್ರಾ ಬೆಡ್ ಹಾಕಿಸಿದರೆ 350 ಚದರಡಿ ರೂಮಿನಲ್ಲಿ ಸೂಟ್‌ಕೇಸ್ ಬಿಚ್ಚಲೂ ಜಾಗ ಉಳಿಯುವುದಿಲ್ಲ.

ಈಜುಕೊಳದ ಬಗ್ಗೆ ಒಂದೇ ಪ್ರಶ್ನೆ ಸಾಕು: ನೀರು ಬಿಸಿ ಮಾಡುತ್ತೀರಾ? ಬೆಂಗಳೂರಿನ ಡಿಸೆಂಬರ್ ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ. ಬಿಸಿ ಮಾಡದ ಕೊಳದ ನೀರು ಮಧ್ಯಾಹ್ನವೂ ಕೊರೆಯುತ್ತದೆ, ಅದರಲ್ಲೂ ತಾರಸಿಯ ಮೇಲಿನ ಕೊಳಕ್ಕೆ ಗಾಳಿ ಬೇರೆ. ಆರು ವರ್ಷದ ಮಗು ಹತ್ತು ನಿಮಿಷಕ್ಕೆ ನಡುಗುತ್ತಾ ಮೇಲೆ ಬರುತ್ತದೆ, ಅಲ್ಲಿಗೆ ನೀವು ಯಾವುದಕ್ಕಾಗಿ ಹೋದಿರೋ ಅದು ಮುಗಿಯಿತು. ಹತ್ತಿ ಬಟ್ಟೆಯಲ್ಲಿ ನೀರಿಗಿಳಿಯಲು ಬಿಡುವುದಿಲ್ಲ, ಈಜುಡುಗೆ ಮನೆಯಿಂದಲೇ ತನ್ನಿ.

ಪ್ರಶ್ನೆ: ಹೋಟೆಲಿನ ಊಟದ ಬಿಲ್‌ನಲ್ಲಿ ಶೇ 10 ಸರ್ವಿಸ್ ಚಾರ್ಜ್ ಹಾಕಿದ್ದರು. ಕೊಡಲೇಬೇಕೆ?
– ತುಮಕೂರಿನ ಓದುಗರು

ಉತ್ತರ: ಬೇಕಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಅದನ್ನು ಬಿಲ್‌ಗೆ ತಾನಾಗಿ ಸೇರಿಸುವಂತಿಲ್ಲ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ತೆಗೆದು ಹೊಸ ಬಿಲ್ ಕೊಡಿ ಎನ್ನಿ, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಜಿಎಸ್‌ಟಿ ಬೇರೆ, ಅದನ್ನು ಕೊಡಲೇಬೇಕು.

ಪ್ರಶ್ನೆ: ಚೆಕ್-ಇನ್ ಹೊತ್ತಿಗೆ ಡೆಬಿಟ್ ಕಾರ್ಡಿನಿಂದ 10,000 ಹಿಡಿದರು, ಹೊರಡುವಾಗ ಬಿಲ್‌ಗೆ ಮತ್ತೆ 6,200 ಸ್ವೈಪ್ ಮಾಡಿದರು. ವಾರವಾದರೂ 10,000 ಬಂದಿಲ್ಲ.
– ಹುಬ್ಬಳ್ಳಿಯ ಓದುಗರು

ಉತ್ತರ: ಮೊದಲು ಹಿಡಿದದ್ದು ಪ್ರೀ-ಆಥರೈಸೇಷನ್, ಅಂದರೆ ಊಟ, ಲಾಂಡ್ರಿ, ಮಿನಿಬಾರ್ ಖರ್ಚಿಗೆಂದು ಮುಂಗಡವಾಗಿ ಕಟ್ಟಿಹಾಕುವ ಹಣ. ಹೊರಡುವಾಗ ಬಿಲ್ಲನ್ನು ಅದರಲ್ಲೇ ಮುರಿದುಕೊಂಡು ಉಳಿದದ್ದನ್ನು ಬಿಡಬೇಕಿತ್ತು. ಹೊಸದಾಗಿ ಸ್ವೈಪ್ ಮಾಡಿದ್ದರಿಂದ ಎರಡೂ ಸಿಕ್ಕಿಕೊಂಡಿವೆ. ಚೆಕ್-ಇನ್ ಸ್ಲಿಪ್‌ನಲ್ಲಿ ಅಪ್ರೂವಲ್ ಕೋಡ್ ಇರುತ್ತದೆ. ಆ ಕೋಡ್, ದಿನಾಂಕ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಬರೆದು ಹೋಟೆಲಿನ ಅಕೌಂಟ್ಸ್ ವಿಭಾಗಕ್ಕೆ ಇಮೇಲ್ ಮಾಡಿ, ‘ಈ ಪ್ರೀ-ಆಥ್ ರಿಲೀಸ್ ಮಾಡಿ, ಪತ್ರ ಕೊಡಿ’ ಎಂದು ಕೇಳಿ. ಆ ಪತ್ರವನ್ನು ನಿಮ್ಮ ಬ್ಯಾಂಕಿಗೆ ಕೊಡಿ. ಮುಂದಿನ ಸಲ ಕ್ರೆಡಿಟ್ ಕಾರ್ಡ್ ಕೊಡಿ, ಅದರಲ್ಲಿ ಮಿತಿ ಮಾತ್ರ ತಡೆಯಲ್ಪಡುತ್ತದೆ, ನಿಮ್ಮ ಉಳಿತಾಯದ ಹಣ ಸಿಕ್ಕಿಬೀಳುವುದಿಲ್ಲ.

ಪ್ರಶ್ನೆ: ರಾತ್ರಿ ಬಸ್ಸಿಗೆ ಹೊರಟು ಬೆಳಗ್ಗೆ ಆರಕ್ಕೆ ಬೆಂಗಳೂರು ಮುಟ್ಟುತ್ತೇವೆ. ಚೆಕ್-ಇನ್ ಮಧ್ಯಾಹ್ನ ಎರಡಕ್ಕೆ ಅಂತಾರೆ. ಏನು ಮಾಡುವುದು?
– ಬೆಳಗಾವಿಯ ಓದುಗರು

ಉತ್ತರ: ಮೂರು ದಾರಿ ಇವೆ. ವಯಸ್ಸಾದವರು, ಕೂಸು ಜೊತೆಗಿದ್ದರೆ ಹಿಂದಿನ ರಾತ್ರಿಯಿಂದಲೇ ಬುಕ್ ಮಾಡಿ, ‘ಬೆಳಗ್ಗೆ 6.30ಕ್ಕೆ ಬರುತ್ತೇವೆ, ನೋ-ಶೋ ಮಾಡಬೇಡಿ’ ಎಂದು ಇಮೇಲ್ ಹಾಕಿ. ಹಾಕದಿದ್ದರೆ ರಾತ್ರಿಯೇ ನೀವು ಬರಲಿಲ್ಲವೆಂದು ಇಡೀ ಬುಕಿಂಗ್ ರದ್ದು ಮಾಡಿಬಿಡಬಹುದು. ಎರಡನೆಯದು ಅರ್ಧ ದಿನದ ಬಾಡಿಗೆಗೆ ಬೇಗ ಚೆಕ್-ಇನ್ ಕೇಳುವುದು. ಇದು ರೂಮು ಖಾಲಿ ಇದ್ದರೆ ಮಾತ್ರ. ಶುಕ್ರವಾರ ರಾತ್ರಿ ಹೋಟೆಲ್ ತುಂಬಿದ್ದರೆ ಶನಿವಾರ ಬೆಳಗ್ಗೆ ಸಿಗುವುದು ಕಷ್ಟ. ಮೂರನೆಯದಕ್ಕೆ ದುಡ್ಡೇ ಬೇಡ. ಲಗೇಜ್ ಬೆಲ್ ಡೆಸ್ಕಿಗೆ ಕೊಟ್ಟು ಟ್ಯಾಗ್ ತಗೊಂಡು, ಹೆಲ್ತ್ ಕ್ಲಬ್‌ನ ಸ್ನಾನದ ಕೋಣೆ ಬಳಸಬಹುದೇ ಎಂದು ಕೇಳಿ. ಅನೇಕ ಕಡೆ ಬಿಡುತ್ತಾರೆ. ಒಂದು ಜೊತೆ ಬಟ್ಟೆ, ಮಾತ್ರೆ, ಚಾರ್ಜರ್ ಮಾತ್ರ ಕೈಚೀಲದಲ್ಲಿ ಬೇರೆ ಇಟ್ಟುಕೊಂಡಿರಿ, ಸ್ನಾನಕ್ಕೆಂದು ಲಾಬಿಯಲ್ಲಿ ಸೂಟ್‌ಕೇಸ್ ಬಿಚ್ಚುವ ಪಾಡು ತಪ್ಪುತ್ತದೆ.