ಪರಾಗ್ವೆಯ ಕೊಲೊರಾಡೊ ಪಕ್ಷ ಅಷ್ಟು ದೀರ್ಘಕಾಲ ಆಳಿದ್ದು ಹೇಗೆ?

ಸೈನ್ಯ, ಸರ್ಕಾರಿ ನೌಕರಿ ಮತ್ತು ಪಕ್ಷದ ಸದಸ್ಯತ್ವ ಮೂರೂ ಒಂದಕ್ಕೊಂದು ಹೆಣೆದುಕೊಂಡದ್ದೇ ಇದಕ್ಕೆ ಮುಖ್ಯ ಕಾರಣ.

ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ ದೇಶಗಳೊಂದಿಗಿನ ಯುದ್ಧದಲ್ಲಿ (1864–70) ಪರಾಗ್ವೆ ನುಚ್ಚುನೂರಾದ ಮೇಲೆ, ಆ ಯುದ್ಧದಲ್ಲಿ ಹೋರಾಡಿದ್ದ ಜನರಲ್ ಬರ್ನಾರ್ಡಿನೊ ಕಬಲ್ಲೆರೊ 1887ರಲ್ಲಿ ಈ ಪಕ್ಷವನ್ನು ಸ್ಥಾಪಿಸಿದರು. 1904ರಲ್ಲಿ ಲಿಬರಲ್ ಪಕ್ಷದವರು ದಂಗೆಯೆದ್ದು ಅಧಿಕಾರ ಕಸಿದುಕೊಂಡರು. ಕೊಲೊರಾಡೊಗಳು ಮತ್ತೆ ತಲೆಯೆತ್ತಿದ್ದು 1947ರ ಅಂತರ್ಯುದ್ಧದಲ್ಲಿ ಗೆದ್ದ ಮೇಲೆಯೇ.

1954ರಲ್ಲಿ ಕ್ಷಿಪ್ರಕ್ರಾಂತಿಯ ಮೂಲಕ ಬಂದ ಜನರಲ್ ಆಲ್ಫ್ರೆಡೊ ಸ್ಟ್ರೋಸ್ನರ್ ಪಕ್ಷವನ್ನು ತನ್ನ ಆಳ್ವಿಕೆಯ ಬೆನ್ನೆಲುಬಾಗಿಸಿಕೊಂಡರು. ಶಾಲೆಯ ಶಿಕ್ಷಕನಾಗಲಿ, ಸೇನೆಯ ಅಧಿಕಾರಿಯಾಗಲಿ, ಪಕ್ಷದ ಸದಸ್ಯನಾಗದೆ ಕೆಲಸ ಸಿಗುವುದು ದುಸ್ತರವಾಗಿತ್ತು. ಹಳ್ಳಿಹಳ್ಳಿಗಳಲ್ಲಿದ್ದ ಪಕ್ಷದ ಶಾಖೆಗಳು ನೆರವು ಹಂಚುವುದರ ಜೊತೆಗೆ ನೆರೆಹೊರೆಯವರ ಮೇಲೆ ಕಣ್ಣನ್ನೂ ಇಡುತ್ತಿದ್ದವು. ವಿರೋಧಿಸಿದವರ ಪಾಲಿಗೆ ಸೆರೆ, ಚಿತ್ರಹಿಂಸೆ, ಗಡೀಪಾರು ಕಾದಿದ್ದವು ಎಂಬುದನ್ನು ಮರೆಯಲಾಗದು.

1989ರಲ್ಲಿ ಸ್ಟ್ರೋಸ್ನರ್ ಅವರನ್ನು ಉರುಳಿಸಿದವರು ಸ್ವತಃ ಅವರ ಬೀಗರೇ ಆದ ಜನರಲ್ ಆಂಡ್ರೆಸ್ ರೊಡ್ರಿಗೆಸ್. ಸರ್ವಾಧಿಕಾರ ಹೋಯಿತು, ಪಕ್ಷ ಮಾತ್ರ ಉಳಿಯಿತು. 2008ರಲ್ಲಿ ಒಳಜಗಳದಿಂದ ಸೊರಗಿದ್ದಾಗ ಮಾಜಿ ಬಿಷಪ್ ಫೆರ್ನಾಂಡೊ ಲುಗೊ ಅದನ್ನು ಸೋಲಿಸಿದರು. ಆದರೆ 2013ರಲ್ಲಿ ಮರಳಿ ಗೆದ್ದ ಪಕ್ಷ, 2018 ಮತ್ತು 2023ರ ಅಧ್ಯಕ್ಷೀಯ ಚುನಾವಣೆಗಳಲ್ಲೂ ಜಯಗಳಿಸಿತು.