ದಿನಕ್ಕೆ 450 ಪೌಂಡ್: ಪಕ್ಕದ ಮೇಜಿನವನ ಲೆಕ್ಕ

ನೀನು ‘ಅಕ್ಕ’ ಎಂದು ಬರೆದಿದ್ದೀಯ, ಹಾಗಾಗಿ ನಾನೂ ಬಹುವಚನದ ಹಂಗು ಬಿಟ್ಟು ಬರೆಯುತ್ತೇನೆ. ನೀನು ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಎಂಟು ತಿಂಗಳಾಗಿದೆ. ಕಚೇರಿಯಲ್ಲಿ ಪಕ್ಕದ ಮೇಜಿನವನು ಕಾಂಟ್ರ್ಯಾಕ್ಟರ್, ಅಂದರೆ ಕಾಯಂ ನೌಕರನಲ್ಲ, ಕೆಲವು ತಿಂಗಳ ಕರಾರಿನ ಮೇಲೆ ದಿನದ ದರಕ್ಕೆ ದುಡಿಯುವವನು. ನೀನು ಮಾಡುವ ಕೆಲಸವನ್ನೇ ಮಾಡಿ ಅವನು ದಿನಕ್ಕೆ 450 ಪೌಂಡ್ ಎಣಿಸುತ್ತಾನೆ. ನಾನೂ ಕೆಲಸ ಬಿಟ್ಟು ಅದಕ್ಕೆ ಇಳಿಯಲೇ, ಇಳಿದರೆ ಕೆಲಸ ಹುಡುಕುವುದು ಹೇಗೆ ಎಂದು ಕೇಳಿದ್ದೀಯ.

ಇಳಿಯಬೇಡ. ಇಳಿಯಲು ಬರುವುದೂ ಇಲ್ಲ. ನಿನ್ನ ವೀಸಾ ನಿನ್ನನ್ನು ಕರೆಸಿಕೊಂಡ ಕಂಪನಿಗೆ ಕಟ್ಟಿಹಾಕಿದ ವೀಸಾ. ಆ ಕೆಲಸ ಬಿಟ್ಟರೆ ಸಾಮಾನ್ಯವಾಗಿ 60 ದಿನದೊಳಗೆ ಪ್ರಾಯೋಜಕತ್ವ ಕೊಡುವ ಇನ್ನೊಂದು ಕಂಪನಿ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಮೂರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ದುಡಿಯುವವನಿಗೆ ಯಾರೂ ಪ್ರಾಯೋಜಕರಾಗುವುದಿಲ್ಲ. ಕಾಯಂ ವಾಸದ ಅನುಮತಿ ಕೈಗೆ ಬರುವವರೆಗೆ ಕಾಯಲೇಬೇಕು. ಅದಕ್ಕೆ ಐದು ವರ್ಷ ಸಾಕಾಗಿತ್ತು. ಹತ್ತು ವರ್ಷಕ್ಕೆ ಏರಿಸುವ ಯೋಜನೆಯನ್ನು ಸರ್ಕಾರ 2025ರ ಮೇ ತಿಂಗಳಲ್ಲಿ ಮುಂದಿಟ್ಟಿತು. ಹಾಗಾಗಿ ಕ್ಯಾಲೆಂಡರ್ ಮೇಲೆ ಈಗಲೇ ಗುರುತು ಹಾಕಿಕೊಳ್ಳಬೇಡ.

‘ನೀವು ಮಾಡಲಿಲ್ಲವೇ’ ಎನ್ನಬಹುದು. ನಾನು 2009ರಲ್ಲಿ ಟಿಯರ್ ಒನ್ ಜನರಲ್ ಎಂಬ ವೀಸಾದಲ್ಲಿ ಬಂದವಳು. ಅದರಲ್ಲಿ ಯಾವ ಕಂಪನಿಯ ಹಂಗೂ ಇರಲಿಲ್ಲ, ಇಳಿದ ಮರುದಿನವೇ ಕಾಂಟ್ರ್ಯಾಕ್ಟ್ ಹಿಡಿಯಬಹುದಿತ್ತು. ಹೊಸಬರಿಗೆ ಆ ಬಾಗಿಲು 2011ರ ಹೊತ್ತಿಗೆ ಮುಚ್ಚಿತು. ನಾನು ಬಂದ ದಾರಿಯನ್ನು ನಿನಗೆ ತೋರಿಸಿದರೆ ಅದು ಮೋಸವಾಗುತ್ತದೆ.

ಈಗ ಆ 450ರ ವಿಚಾರ. ನಿನ್ನ ಕಣ್ಣು ಅಲ್ಲೇ ನೆಟ್ಟಿದೆ ಎಂದು ಗೊತ್ತು. ನನ್ನ ಮುಂದೆ 2025-26ರ ಒಂದು ವಾರದ ವೇತನ ಚೀಟಿ ಇದೆ, ದರವೂ ಅದೇ. ಐದು ದಿನಕ್ಕೆ 2,250 ಪೌಂಡ್. ಈ ಹಣ ನೇರವಾಗಿ ನನ್ನ ಕೈಗೆ ಬರುವುದಿಲ್ಲ, ಅಂಬ್ರೆಲಾ ಕಂಪನಿ ಎಂಬ ಮಧ್ಯವರ್ತಿಗೆ ಹೋಗುತ್ತದೆ. ಕಾಗದದ ಮೇಲೆ ನನ್ನ ಮಾಲೀಕ ಅದೇ. ಮೊದಲು ಅವರ ಶುಲ್ಕ 25. ಆಮೇಲೆ ಮಾಲೀಕರು ಕಟ್ಟಬೇಕಾದ ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ವಂತಿಗೆ 276, ಅಪ್ರೆಂಟಿಸ್‌ಶಿಪ್ ಲೆವಿ ಎಂಬ ತರಬೇತಿ ತೆರಿಗೆ 10. ಮಾಲೀಕರು ಕಟ್ಟಬೇಕಾದ್ದನ್ನು ನನ್ನ ದರದಿಂದ ಏಕೆ ಮುರಿಯುತ್ತಾರೆ ಎಂದು ಮೊದಲ ಸಲ ನಾನೂ ರೇಗಿದ್ದೆ. ಕೋಳಿ ಕೇಳಿ ಮಸಾಲೆ ಅರೆಯುವುದುಂಟೇ? ಇದೆಲ್ಲ ಹೋದ ಮೇಲೆ ಉಳಿದ 1,939ಕ್ಕೆ ‘ಸಂಬಳ’ ಎಂದು ಹೆಸರು. ಅದರಲ್ಲಿ ಆದಾಯ ತೆರಿಗೆ 534, ನನ್ನ ಪಾಲಿನ ಇನ್ಶೂರೆನ್ಸ್ 77. ಕೈಗೆ ಬಂದದ್ದು 1,328. ರಜೆಯ ಸಂಬಳವೂ ಇದರಲ್ಲೇ ಸೇರಿದೆ, ಅಂದರೆ ರಜೆ ಹಾಕಿದ ವಾರ ಸೊನ್ನೆ.

ಎಂಟು ಸಾರ್ವಜನಿಕ ರಜೆ, ಊರಿಗೆ ಹೋಗುವ ಮೂರು ವಾರ, ಜ್ವರ, ಎರಡು ಕಾಂಟ್ರ್ಯಾಕ್ಟ್‌ಗಳ ನಡುವಿನ ಖಾಲಿ ದಿನಗಳನ್ನು ಕಳೆದರೆ ಒಳ್ಳೆಯ ವರ್ಷದಲ್ಲಿ 220 ದಿನ ಕೆಲಸ ಸಿಗುತ್ತದೆ. ಆಗ ಕೈಗೆ ಬರುವುದು 60 ಸಾವಿರದ ಆಸುಪಾಸು. ಕಾಯಂ ನೌಕರನ ಕೈಗೆ ಅಷ್ಟು ಬರಬೇಕಾದರೆ ಅವನ ಸಂಬಳ 85 ಸಾವಿರ ಇರಬೇಕು. ಕಡಿಮೆಯೇನಲ್ಲ, ಒಪ್ಪುತ್ತೇನೆ. ಆದರೆ 450 ಅನ್ನು 260ರಿಂದ ಗುಣಿಸಿ, ಇವತ್ತಿನ ವಿನಿಮಯ ದರದಲ್ಲಿ ರೂಪಾಯಿಗೆ ತಿರುಗಿಸಿ ರಾತ್ರಿ ನಿದ್ದೆಗೆಡುತ್ತಿದ್ದರೆ ಅದನ್ನು ನಿಲ್ಲಿಸು.

ಇದೆಲ್ಲದರ ಮೂಲ ಐಆರ್35 ಎಂಬ ತೆರಿಗೆ ಕಾನೂನು. 1999ರ ಬಜೆಟ್ ದಿನ ತೆರಿಗೆ ಇಲಾಖೆ ಹೊರಡಿಸಿದ 35ನೇ ಪತ್ರಿಕಾ ಪ್ರಕಟಣೆಯ ಸಂಖ್ಯೆಯೇ ಕಾನೂನಿನ ಅಡ್ಡಹೆಸರಾಗಿ ಉಳಿದುಬಿಟ್ಟಿತು; 2000ದ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ನೌಕರನ ಹಾಗೆಯೇ ದುಡಿಯುವವನು ಸ್ವಂತ ಕಂಪನಿಯ ಮುಖವಾಡ ಹಾಕಿಕೊಂಡು ಕಡಿಮೆ ತೆರಿಗೆ ಕಟ್ಟಬಾರದು ಎಂಬುದು ಅದರ ತಿರುಳು. ನಿನ್ನ ಬದಲು ಬೇರೆಯವರನ್ನು ಕಳುಹಿಸಬಹುದೇ, ಕೆಲಸ ಹೇಗೆ ಮಾಡಬೇಕೆಂದು ಹೇಳುವವರು ಯಾರು, ಕೆಲಸ ಕೊಡಲೇಬೇಕು, ಮಾಡಲೇಬೇಕು ಎಂಬ ಕಟ್ಟುಪಾಡು ಇದೆಯೇ, ಮುಖ್ಯವಾಗಿ ಇವನ್ನು ನೋಡುತ್ತಾರೆ. ಖಾಸಗಿ ವಲಯದಲ್ಲಿ ಮೊದಲು ಇದನ್ನು ನಾವೇ ತೀರ್ಮಾನಿಸಿಕೊಳ್ಳುತ್ತಿದ್ದೆವು. 2021ರ ಏಪ್ರಿಲ್‌ನಿಂದ ಮಧ್ಯಮ ಮತ್ತು ದೊಡ್ಡ ಕಂಪನಿಗಳಲ್ಲಿ ತೀರ್ಮಾನ ಕೆಲಸ ಕೊಡುವವರದ್ದೇ ಆಯಿತು. ತಪ್ಪಿದರೆ ತೆರಿಗೆಯ ಹೊರೆ ತಮ್ಮ ತಲೆಗೇ ಬರುತ್ತದೆ ಎಂದು ಹೆದರಿ ಅನೇಕರು ಎಲ್ಲರನ್ನೂ ‘ಒಳಗೆ’, ಅಂದರೆ ಈ ಕಾನೂನಿನಡಿ ನೌಕರನಂತೆಯೇ ತೆರಿಗೆ ಕಟ್ಟಬೇಕಾದವರು, ಎಂದು ಬರೆದುಬಿಟ್ಟರು. ಅಂಥವರ ಹಣ ಸಾಮಾನ್ಯವಾಗಿ ಅಂಬ್ರೆಲಾ ಮೂಲಕವೇ ಬರುತ್ತದೆ. ‘ಹೊರಗಿನ’ ಕೆಲಸ, ಅಂದರೆ ಸ್ವಂತ ಲಿಮಿಟೆಡ್ ಕಂಪನಿಯ ಬಿಲ್ಲಿನ ಮೇಲೆ ಹಣ ಬರುವ ಕೆಲಸ, ಈಗಲೂ ಇದೆ, ಹುಡುಕಾಡಬೇಕು.

ಒಂದು ಎಚ್ಚರಿಕೆ. ‘ನಮ್ಮಲ್ಲಿ ಬಂದರೆ ದರದ 85 ಪ್ರತಿಶತ ಕೈಗೆ’ ಎನ್ನುವ ಅಂಬ್ರೆಲಾ ಸಿಕ್ಕರೆ ಅಲ್ಲಿಂದ ಓಡು. ಸಂಬಳವನ್ನು ‘ಸಾಲ’ ಎಂದು ಬರೆದು ಕೊಡುತ್ತಿದ್ದವರನ್ನು ನಂಬಿ ಸುಖವಾಗಿದ್ದ ಸಾವಿರಾರು ಜನಕ್ಕೆ 2019ರ ಲೋನ್ ಚಾರ್ಜ್ ಎಂಬ ತೆರಿಗೆ ಬಂದು ಬಡಿಯಿತು. ಸಾಲ ಎಂದು ಕೊಟ್ಟವರು ಕೈತೊಳೆದುಕೊಂಡರು, ಲೆಕ್ಕ ಕೊಡಬೇಕಾದವರು ಪಡೆದವರು.

ಕೆಲಸ ಸಿಗುವ ಬಗೆ ಹೀಗೆ. ಬೆಳಿಗ್ಗೆ ಹನ್ನೊಂದಕ್ಕೆ ಗೊತ್ತಿಲ್ಲದ ನಂಬರಿನಿಂದ ಕರೆ. ಏಜೆನ್ಸಿಯ ಹುಡುಗ, ವಯಸ್ಸು ಇಪ್ಪತ್ತನಾಲ್ಕು ದಾಟಿರುವುದಿಲ್ಲ. ಕಾಫ್ಕಾ ಎಂಬ ಸಾಫ್ಟ್‌ವೇರ್ ಏನು ಮಾಡುತ್ತದೆ ಎಂದು ಅವನಿಗೆ ತಿಳಿಯದು, ಆದರೆ ‘ಕಾಫ್ಕಾ ಎಷ್ಟು ವರ್ಷ’ ಎಂದು ಕೇಳುತ್ತಾನೆ. ಯಾವಾಗ ಸೇರಬಲ್ಲಿರಿ, ದರ ಎಷ್ಟು, ‘ಒಳಗೆ’ ಆದರೆ ಪರವಾಗಿಲ್ಲವೇ, ವಾರಕ್ಕೆ ಎಷ್ಟು ದಿನ ಕಚೇರಿಗೆ ಬರುತ್ತೀರಿ, ಇಷ್ಟೇ. ನಾಲ್ಕು ನಿಮಿಷ. ಅಷ್ಟರೊಳಗೆ ಅವನಿಂದ ಎರಡು ಮಾತು ಹೊರಡಿಸಿಕೊಳ್ಳಬೇಕು: ಕೆಲಸ ಯಾವ ಕಂಪನಿಯಲ್ಲಿ, ಮತ್ತು ಅವನು ಹೇಳುತ್ತಿರುವುದು ಅಂಬ್ರೆಲಾಕ್ಕೆ ಹೋಗುವ ದರವೋ, ಸಂಬಳದ ದರವೋ. ಒಂದೇ ಅಂಕಿ ಎರಡು ಅರ್ಥದಲ್ಲಿ ಬಂದರೆ ನೂರಕ್ಕೆ ಹದಿನಾಲ್ಕು ಪೌಂಡಿನಷ್ಟು ವ್ಯತ್ಯಾಸ.

ಕಂಪನಿಯ ಹೆಸರು ಏಕೆ ಬೇಕು ಎಂಬುದನ್ನು ನಾನು ಕಲಿತದ್ದು 2016ರಲ್ಲಿ. ಒಬ್ಬ ಏಜೆಂಟ್ ಹೆಸರು ಹೇಳದೆ ನನ್ನ ಸಿವಿ ಪಡೆದ. ಎರಡು ದಿನದ ಮೇಲೆ ಇನ್ನೊಬ್ಬಳು ಒಂದು ಬ್ಯಾಂಕಿನ ಹೆಸರು ಹೇಳಿ ಕೇಳಿದಳು, ಅವಳಿಗೂ ಕೊಟ್ಟೆ. ಎರಡೂ ಒಂದೇ ಹುದ್ದೆಗೆ. ಏಜೆನ್ಸಿಗಳ ಜಗಳ ನಮಗೇಕೆ ಎಂದು ಬ್ಯಾಂಕಿನವರು ಎರಡನ್ನೂ ಬದಿಗಿಟ್ಟರು. ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ: ತಾರೀಖು, ಏಜೆನ್ಸಿ, ಕಂಪನಿ, ಹೇಳಿದ ದರ.

ಸಂದರ್ಶನ ಅರ್ಧ ಗಂಟೆ, ಹೆಚ್ಚೆಂದರೆ ಎರಡು ಸುತ್ತು. ಐದು ವರ್ಷದ ನಂತರ ಏನಾಗಬೇಕೆಂದಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಸೋಮವಾರ ಬಂದವನು ಶುಕ್ರವಾರದೊಳಗೆ ಯಾವ ಗಂಟು ಬಿಡಿಸಬಲ್ಲ ಎಂಬುದಷ್ಟೇ ಅವರಿಗೆ ಬೇಕು. ಇಲ್ಲಿ ನಮ್ಮವರು ಎಡವುವುದು ಒಂದೇ ಪದದಲ್ಲಿ, ‘ನಾವು’. ‘ನಾವು ಆ ಡೇಟಾಬೇಸ್ ಬದಲಾಯಿಸಿದೆವು’ ಎನ್ನುತ್ತೇವೆ. ‘ನಾನು’ ಎಂದರೆ ಜಂಬವಾದೀತು ಎಂಬ ಸಂಕೋಚ ಮನೆಯಿಂದಲೇ ಬಂದದ್ದು. ಎದುರಿಗಿರುವವರು ಅದನ್ನು ವಿನಯ ಎಂದು ಓದುವುದಿಲ್ಲ, ಕೆಲಸ ಬೇರೆ ಯಾರೋ ಮಾಡಿರಬೇಕು ಎಂದುಕೊಳ್ಳುತ್ತಾರೆ.

ಸರ್ಕಾರಿ ಯೋಜನೆಗಳಲ್ಲಿ ದರ ಚೆನ್ನಾಗಿರುತ್ತದೆ, ಆದರೆ ಎಸ್‌ಸಿ (ಸೆಕ್ಯುರಿಟಿ ಚೆಕ್) ಎಂಬ ಭದ್ರತಾ ಪರಿಶೀಲನೆ ಕೇಳುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಈ ದೇಶದಲ್ಲಿ ಐದು ವರ್ಷ ಇದ್ದಿರಬೇಕು. ಅದನ್ನು ನೀನಾಗಿ ಪಡೆಯಲು ಬಾರದು, ಕೆಲಸ ಕೊಡುವವರೇ ಮಾಡಿಸಬೇಕು. ಅವರೋ, ಅದು ಈಗಾಗಲೇ ಇದ್ದವರಿಗೇ ಕೆಲಸ ಎನ್ನುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಮಾರುಕಟ್ಟೆ ಈಗ ಸಪ್ಪೆ. ಜನವರಿ ಮತ್ತು ಏಪ್ರಿಲ್ ಸುಮಾರಿಗೆ ಕಂಪನಿಗಳಲ್ಲಿ ಹೊಸ ಬಜೆಟ್ ಬಂದಾಗ ಕರೆಗಳು ಹೆಚ್ಚುತ್ತವೆ, ಆಗಸ್ಟ್ ಮತ್ತು ಡಿಸೆಂಬರ್‌ನಲ್ಲಿ ಫೋನ್ ಸತ್ತಿರುತ್ತದೆ. ಕ್ರಿಸ್‌ಮಸ್‌ನ ಎರಡು ವಾರ ಕಾಂಟ್ರ್ಯಾಕ್ಟರ್‌ಗಳನ್ನು ಸಂಬಳವಿಲ್ಲದೆ ಮನೆಗೆ ಕಳುಹಿಸುವ ಬ್ಯಾಂಕ್‌ಗಳೂ ಇವೆ. ಕಾಂಟ್ರ್ಯಾಕ್ಟ್‌ನಲ್ಲಿ ಆರು ತಿಂಗಳು ಎಂದಿರುತ್ತದೆ, ನೋಟಿಸ್ ಒಂದು ವಾರ. ನಿಜವಾದ ಅವಧಿ ಆ ಒಂದು ವಾರವೇ. 2020ರ ಮಾರ್ಚ್‌ನಲ್ಲಿ ಒಂದು ಗುರುವಾರ ಸಂಜೆ ನನಗೆ ಫೋನ್ ಬಂತು, ಮುಂದಿನ ಹದಿನಾಲ್ಕು ವಾರ ಮನೆಯಲ್ಲಿದ್ದೆ. ಮತ್ತೊಂದು ಮಾತು, ಬೇಸರವೋ ಹೆಮ್ಮೆಯೋ ತಿಳಿಯದು: ನನ್ನ ಹಿಂದಿನ ಎರಡು ಕಾಂಟ್ರ್ಯಾಕ್ಟ್‌ಗಳ ಕೆಲಸ ಹೋಗಿ ಸೇರಿದ್ದು ಬೆಂಗಳೂರಿಗೆ. ವೈಟ್‌ಫೀಲ್ಡ್‌ನಲ್ಲಿ ಕುಳಿತ ಹುಡುಗಿಗೆ ನನ್ನ ಕೆಲಸವನ್ನು ನಾನೇ ಎರಡು ವಾರ ಹೇಳಿಕೊಟ್ಟೆ, ಅರ್ಧಕ್ಕರ್ಧ ಕನ್ನಡದಲ್ಲಿ.

ನೀನು ಕೇಳದೆ ಬಿಟ್ಟ ಒಂದು ಪ್ರಶ್ನೆಗೂ ಉತ್ತರಿಸುತ್ತೇನೆ. ಹೆಂಡತಿ ಮೈಸೂರಿನಲ್ಲಿ ಏಳು ವರ್ಷ ಡೇಟಾ ಅನಲಿಸ್ಟ್ ಆಗಿದ್ದಳು, ಈಗ ಮನೆಯಲ್ಲಿದ್ದಾಳೆ ಎಂದು ಪತ್ರದ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯ. ಅವಳದ್ದು ನಿನ್ನ ಅವಲಂಬಿತಳ ವೀಸಾ. ಅದರಲ್ಲಿ ಯಾವ ಕಂಪನಿಯ ಕಟ್ಟೂ ಇಲ್ಲ; ನೌಕರಿ ಮಾಡಬಹುದು, ಕಾಂಟ್ರ್ಯಾಕ್ಟ್ ಹಿಡಿಯಬಹುದು, ಸ್ವಂತ ಕಂಪನಿಯನ್ನೂ ತೆರೆಯಬಹುದು. ನಿನ್ನ ಸಂಬಳ ಮನೆ ಬಾಡಿಗೆ ನೋಡಿಕೊಳ್ಳುತ್ತಿರುವಾಗ ಒಂದು ವಾರದ ನೋಟಿಸ್‌ಗೆ ಅವಳು ಹೆದರಬೇಕಾಗಿಯೂ ಇಲ್ಲ. ಸಿವಿ ಎರಡು ಪುಟ ಮೀರದಂತೆ ಮಾಡಿ ಶನಿವಾರದೊಳಗೆ ನನಗೆ ಕಳುಹಿಸಲು ಹೇಳು. ‘ನಾವು’ ಎಂದಿರುವ ಕಡೆಯೆಲ್ಲ ನಾನು ಕೆಂಪು ಗೆರೆ ಎಳೆದು ಕೊಡುತ್ತೇನೆ.