ಆ ಒಂದು ಹಾಡು ಯಾವಾಗ ಸಿಗುತ್ತದೆ?

ಪ್ರಶ್ನೆ: ಅಕ್ಕಾ, ನನಗೆ 26 ವರ್ಷ. ಭಾವಗೀತೆ ಹಾಡುತ್ತೇನೆ. ಯೂಟ್ಯೂಬಿಗೆ 11 ಹಾಡು ಹಾಕಿದ್ದೇನೆ, ಒಂದನ್ನೂ ಇನ್ನೂರು ಜನ ಕೇಳಿಲ್ಲ. ಬೆಂಗಳೂರಿನಲ್ಲಿ 8 ಹಾಡಿನ ಆಲ್ಬಂ ಮಾಡಿಕೊಡಲು ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಸಾಲ ಮಾಡಲೇ? ದೊಡ್ಡವರಿಗೆ ಹೆಸರು ತಂದ ಆ ಒಂದು ಹಾಡು ಹೇಗೆ ಸಿಕ್ಕಿತು? ಎಲ್ಲ ಅದೃಷ್ಟವೇ?
– ಓದುಗ, ಹಾವೇರಿ

ಉತ್ತರ: ಅಕ್ಕಾ ಅಂದಿದ್ದೀಯ, ಹಾಗಾಗಿ ತಮ್ಮನಿಗೆ ಹೇಳುವ ಹಾಗೇ ಹೇಳುತ್ತೇನೆ. ಸಾಲ ಮಾಡಬೇಡ.

ಶಿವಮೊಗ್ಗ ಸುಬ್ಬಣ್ಣನವರನ್ನು ನೋಡು. ವೃತ್ತಿಯಲ್ಲಿ ವಕೀಲರು. ಆಕಾಶವಾಣಿಯಲ್ಲಿ ಹಾಡುತ್ತಿದ್ದರು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರಕ್ಕೆ ಹಾಡುವ ಹೊತ್ತಿಗೆ ವಯಸ್ಸು ನಲವತ್ತರ ಹತ್ತಿರ. ‘ಕಾಡು ಕುದುರೆ ಓಡಿ ಬಂದಿತ್ತಾ’ ಹಾಡಿಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಹೊಸನಗರದ ಕಡೆಯ ಮಲೆನಾಡಿಗರು ಅವರು; ಹಾಡಿನ ಮಾತು ಉತ್ತರ ಕರ್ನಾಟಕದ್ದು. ಆದರೂ ಆ ‘ಬಂದಿತ್ತಾ’ದ ಕೊನೆಯ ‘ತ್ತಾ’ ಎಷ್ಟು ಬಾಯ್ತುಂಬ ಬರುತ್ತದೆ, ಕಣ್ಣು ಮುಚ್ಚಿ ಕೇಳು. ಆಮೇಲೆ ಅವರೇ ಹಾಡಿದ, ತತ್ವಪದ ಬರೆದ ಶಿಶುನಾಳ ಶರೀಫಜ್ಜನ ‘ಕೋಡಗನ ಕೋಳಿ ನುಂಗಿತ್ತಾ’ ಕೇಳು. ಅದೇ ‘ತ್ತಾ’, ಅದೇ ತೆರೆದ ಗಂಟಲು. ಆ ಗಂಟಲಿಗೆ ಒಪ್ಪುವ ಪದಗಳು ಸಿಕ್ಕಿದ್ದವು. ಹಾಡು ಬಂದು ಕದ ತಟ್ಟಿದ್ದು ಅದೃಷ್ಟವೇ ಇರಬಹುದು, ಆದರೆ ಅದು ಬರುವ ಹೊತ್ತಿಗೆ ದನಿ ಹದವಾಗಿತ್ತು.

ಸಂಗೀತ ನಿರ್ದೇಶಕ ಮನೋಮೂರ್ತಿಯವರೂ ಹಾಗೆಯೇ. ಅವರು ಸಂಗೀತ ಕೊಟ್ಟ ‘ಅಮೆರಿಕಾ ಅಮೆರಿಕಾ’ 1997ರದು. ಅವರನ್ನು ಮನೆಮಾತಾಗಿಸಿದ ‘ಮುಂಗಾರು ಮಳೆ’ ತೆರೆ ಕಂಡಿದ್ದು 2006ರ ಡಿಸೆಂಬರ್ ಕೊನೆಗೆ. ನಡುವೆ ಒಂಬತ್ತು ವರ್ಷ.

ಇನ್ನು ನನ್ನ ಕಥೆ. 1996ರಲ್ಲಿ ನಾನೂ ಒಂದು ಕ್ಯಾಸೆಟ್ ಮಾಡಿಸಿದೆ, ಅಮ್ಮನ ಎರಡೆಳೆ ಸರ ಅಡ ಇಟ್ಟು. ನನ್ನ ಶ್ರುತಿ ಕರಿ ಮೂರು, ಅಂದರೆ ಹಾರ್ಮೋನಿಯಂನ ಮೂರನೇ ಕಪ್ಪು ಮನೆ. ಸ್ಟುಡಿಯೋದಲ್ಲಿ ಟ್ರ್ಯಾಕ್ ಆಗಲೇ ಸಿದ್ಧವಾಗಿತ್ತು, ಬೇರೆ ಗಾಯಕಿಗಾಗಿ ಮಾಡಿದ್ದು, ನನಗಿಂತ ಎತ್ತರದ ಕರಿ ಐದಕ್ಕೆ. ‘ಸ್ವಲ್ಪ ಎತ್ತಿ ಹಾಡಿ ಮೇಡಂ, ಆಗುತ್ತೆ’ ಅಂದರು. ಒಂದೇ ದಿನದಲ್ಲಿ ಎಂಟು ಹಾಡು. ಐದನೆಯ ಹಾಡಿನ ಚರಣದಲ್ಲಿ ತಾರಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ ಹೋದಾಗ ಗಂಟಲು ಒಡೆಯಿತು. ಬಿಸಿನೀರು ಕುಡಿದು ಮತ್ತೆ ನಿಂತೆ. ಬಂದ 500 ಕ್ಯಾಸೆಟ್‌ಗಳಲ್ಲಿ ಮುನ್ನೂರಕ್ಕೂ ಹೆಚ್ಚು ನಮ್ಮ ಅಟ್ಟದ ಮೇಲೇ ಉಳಿದವು. ಸರ ಬಿಡಿಸಿಕೊಳ್ಳಲು ನಾಲ್ಕು ವರ್ಷ ಪಾಠ ಹೇಳಿದೆ. ಇಂದಿಗೂ ಆ ಕ್ಯಾಸೆಟ್ ಹಾಕಿದರೆ ನನಗೆ ಕೇಳುವುದು ಇನ್ನೊಬ್ಬಳ ಹಾಗೆ ಹಾಡಲು ಹೆಣಗುವ ಹೆಣ್ಣುಮಗಳ ದನಿ.

ನೀನು ಕಳಿಸಿದ ಹಾಡುಗಳನ್ನು ಎರಡೆರಡು ಸಲ ಕೇಳಿದೆ. ಹತ್ತರಲ್ಲಿ ನೀನು ಗಾಯಕ ಸಿ. ಅಶ್ವಥ್ ಅವರ ಹಾಗೆ ಗುಡುಗಲು ಹೋಗಿದ್ದೀಯ. ಅವರ ದನಿ ಅವರದು, ಅದರ ಹಿಂದೆ ರಂಗಭೂಮಿಯ ವರ್ಷಗಳಿವೆ. ಹನ್ನೊಂದನೆಯದು, ಮನೆಯಲ್ಲಿ ಫೋನ್ ಇಟ್ಟು ಹಾಡಿದ್ದು, ಹಿಂದೆ ಕುಕ್ಕರ್ ಕೂಗುತ್ತದೆಯಲ್ಲ, ಅದರಲ್ಲಿ ಮಾತ್ರ ನೀನು ಮೆಲ್ಲಗೆ, ನಿಮ್ಮ ಊರಿನ ಎಳೆತದಲ್ಲಿ ಹಾಡಿದ್ದೀಯ. ನನಗೆ ಮೈ ಜುಮ್ಮೆಂದಿತು, ಸುಳ್ಳಲ್ಲ.

ಆ ಹಾಡನ್ನೇ ಹಿಡಿದುಕೊ. ಒಂದು ಹಾರ್ಮೋನಿಯಂ, ಒಂದು ತಬಲಾ ಸಾಕು. ಯಾವ ಶ್ರುತಿಯಲ್ಲಿ ಮಾತಾಡಿದಷ್ಟು ಸಲೀಸಾಗಿ ಪಲ್ಲವಿ ಬರುತ್ತದೋ ಅಲ್ಲೇ ನಿಲ್ಲು. ಶರೀಫಜ್ಜನ ಊರು ಶಿಶುವಿನಹಾಳ ನಿಮ್ಮ ಜಿಲ್ಲೆಯದೇ. ತತ್ವಪದ ಹಾಡುವ ಹಿರಿಯರ ಪಕ್ಕ ಒಂದು ರಾತ್ರಿ ಕೂತು ಬಾ. ಅವರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅನ್ನುವುದನ್ನಷ್ಟೇ ಗಮನಿಸು. ಮೂರು ತಿಂಗಳಾದ ಮೇಲೆ ಅದೇ ಹಾಡನ್ನು ಮತ್ತೆ ಹಾಡಿ ನನಗೆ ಕಳಿಸು, ಫೋನಿನಲ್ಲಿ ಹಿಡಿದದ್ದೇ ಆಗಲಿ.